ಬಿಳಿ ಬೆಲ್ಲ, ಹರಕೆ ಮತ್ತು ನಲವತ್ತು ರೂಪಾಯಿ: ಓದುಗರ ಪ್ರಶ್ನೆ, ನಮ್ಮ ಉತ್ತರ

"ವಾಕ್ಯವನ್ನು ಕೇಳುವವರಷ್ಟೇ ಆಗಿರಬೇಡಿ, ಅದರಂತೆ ನಡೆಯುವವರೂ ಆಗಿರಿ" ಎಂಬ ಸತ್ಯವೇದದ ಹೊಸ ಒಡಂಬಡಿಕೆಯಲ್ಲಿ ಪತ್ರ ಬರೆದಿರುವ ಯಾಕೋಬನ ಮಾತಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೆಚ್ಚಿನವು ಮೈಸೂರು, ಮಂಡ್ಯ ಕಡೆಯವು. ಕೆಲವರು ಕೈಯಲ್ಲಿ ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದಾರೆ. ನಾನು ಸಭಾಪಾಲಕಿಯಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದವಳು, ದಿನಾ ಸತ್ಯವೇದ ಓದುವವಳು, ಅಷ್ಟೇ. ಆ ಅಳತೆಯಲ್ಲೇ ನನ್ನ ಉತ್ತರಗಳನ್ನು ತೆಗೆದುಕೊಳ್ಳಿ. ಬಂದ ಪತ್ರಗಳಲ್ಲಿ ಐದಾರನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಮ್ಮಾ, ನಮಸ್ಕಾರ. ಮಂಡ್ಯ ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ಅಪ್ಪನ ಕಾಲದಲ್ಲಿ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದರು. ಈಗ ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನುವ ಬಿಳುಪು ಮಾಡುವ ಕೆಮಿಕಲ್ ಹಾಕುತ್ತೇವೆ. ಸಕ್ಕರೆ ಅಗ್ಗಕ್ಕೆ ಸಿಕ್ಕಾಗ ಅದನ್ನೂ ಕೊಪ್ಪರಿಗೆಗೆ ಸುರಿಯುತ್ತೇವೆ. ಹಾಗೆ ಮಾಡದಿದ್ದರೆ ಮಂಡಿಯಲ್ಲಿ ನಮ್ಮ ಮಾಲಿಗೆ ಬೆಲೆಯೇ ಇಲ್ಲ. ಬಂದ ದುಡ್ಡಿನಲ್ಲಿ ತಪ್ಪದೆ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ದೇವರಿಗೆ ಕೊಡುತ್ತೇನೆ, ಸಭೆಯ (ಚರ್ಚಿನ) ಕಟ್ಟಡಕ್ಕೂ ಕೊಟ್ಟಿದ್ದೇನೆ. ನೀವು ಬರೆದದ್ದನ್ನು ಓದಿ ಮೂರು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಆಲೆಮನೆ ಮುಚ್ಚಿಬಿಡಲೇ?

ಉತ್ತರ: ಮುಚ್ಚಬೇಡಿ, ತಮ್ಮಾ. ನಿದ್ದೆ ಬರಲಿಲ್ಲ ಅಂದಿರಲ್ಲ, ಅದು ಒಳ್ಳೆಯದೇ ಆಯಿತು.

ಲೂಕನ ಸುವಾರ್ತೆ 3ನೇ ಅಧ್ಯಾಯ ತೆಗೆದು ನೋಡಿ. ಯೊರ್ದನ್ ಹೊಳೆ ಹತ್ತಿರ ಸ್ನಾನಿಕನಾದ ಯೋಹಾನ ಬೋಧನೆ ಮಾಡುತ್ತಿದ್ದಾಗ ಜನ ಬಂದು ಕೇಳಿದ್ದೂ ಇದೇ ಮಾತು, "ಹಾಗಾದರೆ ನಾವೇನು ಮಾಡಬೇಕು?" ಅಂತ. ಸುಂಕದವರು ಕೇಳಿದರು. ಅವನು ಸುಂಕದ ಕಟ್ಟೆ ಬಿಟ್ಟು ಬನ್ನಿ ಅನ್ನಲಿಲ್ಲ, ಗೊತ್ತು ಮಾಡಿದ್ದಕ್ಕಿಂತ ಜಾಸ್ತಿ ಎತ್ತಬೇಡಿ ಅಂದ. ಸಿಪಾಯಿಗಳು ಕೇಳಿದರು. ಯಾರನ್ನೂ ಹೆದರಿಸಿ ದುಡ್ಡು ಕೀಳಬೇಡಿ, ಸಿಗುವ ಸಂಬಳದಲ್ಲಿ ಬಾಳಿ ಅಂದ. ಅವರ ಕಸುಬು ಅದೇ ಉಳಿಯಿತು, ಅದನ್ನು ಮಾಡುವ ಕೈ ಬದಲಾಗಬೇಕಿತ್ತು. ನಿಮ್ಮ ಆಲೆಮನೆಗೂ ಅದೇ ಮಾತು.

ದಶಮಾಂಶದ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಲೆಕ್ಕ ಹಾಕಿ ಕೊಡುತ್ತಿದ್ದವರನ್ನು ಯೇಸು ಸ್ವಾಮಿ ಬೈದದ್ದು ಮತ್ತಾಯ 23ರಲ್ಲಿದೆ. ಕೊಟ್ಟಿದ್ದು ತಪ್ಪು ಅಂತ ಅಲ್ಲ. ಅದನ್ನು ಕೊಟ್ಟು ನ್ಯಾಯ, ಕರುಣೆ, ನಂಬಿಗಸ್ತಿಕೆ ಇವನ್ನು ಬಿಟ್ಟಿದ್ದಕ್ಕೆ. ಬೆಲ್ಲ ಅಂತ ನಂಬಿ ಕೊಂಡವರ ಮನೆಗೆ ಸಕ್ಕರೆ ಹೋಯಿತು, ಅದರಲ್ಲಿ ಹತ್ತನೇ ಒಂದು ಪಾಲು ಕಾಣಿಕೆ ತಟ್ಟೆಗೆ ಬಿತ್ತು ಅಂದರೆ ದೇವರನ್ನು ಆ ವ್ಯಾಪಾರದಲ್ಲಿ ಪಾಲುದಾರ ಮಾಡಿಕೊಂಡ ಹಾಗಾಯಿತು, ಅಲ್ವಾ? ಆತ ಆ ಪಾಲು ಕೇಳಿಲ್ಲ.

ಇನ್ನು ಕಾನೂನು. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕೆಜಿಗೆ 70 ಮಿಲಿಗ್ರಾಂ ಮೀರಬಾರದು ಅಂತ ಆಹಾರ ಸುರಕ್ಷತೆ ನಿಯಮವಿದೆ. ಹೈಡ್ರೋಸ್ ಹಾಕಿದಾಗ ಬೆಲ್ಲದಲ್ಲಿ ಉಳಿಯುವುದು ಅದೇ. ಚಮಚ ಲೆಕ್ಕ ಇಲ್ಲದೆ ಕೈಗೆ ಬಂದಷ್ಟು ಸುರಿದರೆ ಎಷ್ಟು ಉಳಿಯಿತು ಅಂತ ಯಾರಿಗೆ ಗೊತ್ತು? ಉಬ್ಬಸ ಇರುವವರಿಗೆ ಅದು ಆಗಿಬರುವುದಿಲ್ಲ. ವಾರ್ಡಿನಲ್ಲಿ ಉಸಿರಿಗೆ ಒದ್ದಾಡುವ ಮಕ್ಕಳನ್ನು ಕಂಡವಳು ನಾನು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಜಕ್ಕಾಯನ ಕಥೆ ನಿಮಗೆ ಗೊತ್ತೇ ಇರುತ್ತದೆ. ಭಾನುವಾರದ ಶಾಲೆಯಲ್ಲಿ ಎಲ್ಲರೂ ಮರ ಹತ್ತಿದ ಆ ಕುಳ್ಳ ಸುಂಕದವನ ಚಿತ್ರಕ್ಕೆ ಬಣ್ಣ ಹಚ್ಚಿದ್ದೇವೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂದ ಅವನು. ಆದರೆ ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡಿ. ಯೇಸು ಮೊದಲು "ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು" ಅಂದರು, ಜಕ್ಕಾಯ ಲೆಕ್ಕ ತೀರಿಸಿದ್ದು ಆಮೇಲೆ. ಮೊದಲು ದುಡ್ಡು ಹಿಂದಕ್ಕೆ ಕೊಡು, ಆಮೇಲೆ ಊಟಕ್ಕೆ ಬರುತ್ತೇನೆ ಅನ್ನಲಿಲ್ಲ. ನೀವೂ ಹೈಡ್ರೋಸ್ ನಿಲ್ಲಿಸಿ ದೇವರ ಪ್ರೀತಿ ಸಂಪಾದಿಸಬೇಕಿಲ್ಲ. ಆತ ನಿಮ್ಮ ಮನೆಗೆ ಆಗಲೇ ಬಂದಾಗಿದೆ, ಮೂರು ರಾತ್ರಿ ನಿದ್ದೆ ಕೆಡಿಸಿದ್ದು ಮತ್ತ್ಯಾರು?

ಮಾಡುವುದು ಹೇಗೆ ಅಂದರೆ, ಸಕ್ಕರೆ ಸುರಿಯುವುದನ್ನು ನಾಳೆಯಿಂದಲೇ ನಿಲ್ಲಿಸಿ. ಅದರಲ್ಲಿ ಹಂತ ಹಂತ ಅನ್ನುವುದು ಬೇಡ, ಅದು ಸುಳ್ಳು ಮಾಲು. ಹೈಡ್ರೋಸಿಗೆ ಬದಲು ಮತ್ತೆ ಬೆಂಡೆ ಲೋಳೆ ಹಾಕಿ, ಕಂದು ಬಣ್ಣದ ಬೆಲ್ಲವನ್ನು ಕಂದು ಬೆಲ್ಲ ಅಂತಲೇ ಹೇಳಿ ಮಾರಿ. ಮಂಡಿಯಲ್ಲಿ ಮೊದಲ ಕೆಲವು ವಾರ ಏಟು ಬೀಳಬಹುದು. ಬೀಳುವುದಿಲ್ಲ ಅಂತ ನಾನು ಸುಳ್ಳು ಧೈರ್ಯ ಹೇಳಲಾರೆ. ಮೈಸೂರಿನಲ್ಲಿ ಕೆಮಿಕಲ್ ಇಲ್ಲದ ಬೆಲ್ಲ ಹುಡುಕಿಕೊಂಡು ಓಡಾಡುವ ಮನೆಗಳಿವೆ, ನಮ್ಮ ಸಭೆಯವರೇ ಇದ್ದಾರೆ, ನೇರ ಮಾರುವುದನ್ನೂ ಯೋಚಿಸಿ. ಇನ್ನೊಂದು ಮಾತು, ನೀವು ಕೇಳದೇ ಇದ್ದದ್ದು. ಆಲೆಮನೆಯಲ್ಲಿ ಬೆಂಕಿ ಮುಂದೆ ಕೂರುವವರ, ಕಬ್ಬು ಕಡಿಯುವವರ ಕೂಲಿ ಬಾಕಿ ಇದೆಯಾ? ಪೈರು ಕೊಯ್ದವರ ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ ಯಾಕೋಬ 5ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಬೆಲ್ಲದ ಬಣ್ಣಕ್ಕಿಂತ ಮೊದಲು ಅದನ್ನು ನೋಡಿ.

ಇದನ್ನು ಓದುತ್ತಿರುವ ಅಕ್ಕತಂಗಿಯರಿಗೂ ಒಂದು ಮಾತು. ದೇವರಾಜ ಮಾರುಕಟ್ಟೆಯಲ್ಲಿ ಅಚ್ಚು ಬೆಲ್ಲವನ್ನು ಕೈಗೆತ್ತಿಕೊಂಡು "ಇದು ಕಪ್ಪಗಿದೆ, ಬೆಳ್ಳಗಿರೋದು ಕೊಡಿ" ಅಂತ ಕೇಳುವವರು ನಾವೇ. ಆ ಕೊಪ್ಪರಿಗೆಗೆ ಹೈಡ್ರೋಸ್ ಹಾಕಿದ ಕೈಯಲ್ಲಿ ನಮ್ಮ ಕೈಯೂ ಇದೆ.

ಪ್ರಶ್ನೆ: ಆಂಟಿ, ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ನಂಬಿಕೆಯಿಂದ ರಕ್ಷಣೆ, ಕ್ರಿಯೆಗಳಿಂದ ಅಲ್ಲ ಅಂತ ಪೌಲ ಹೇಳುತ್ತಾನೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಯಾಕೋಬ ಹೇಳುತ್ತಾನೆ. ಇಬ್ಬರಲ್ಲಿ ಯಾರ ಮಾತು ಸರಿ? ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಯಾಕೋಬನ ಪತ್ರವನ್ನೇ ಒಪ್ಪುತ್ತಿರಲಿಲ್ಲ ಅಂತ ನನ್ನ ಫ್ರೆಂಡ್ ಹೇಳುತ್ತಾನೆ, ನಿಜವಾ?

ಉತ್ತರ: ಅರ್ಧ ನಿಜ, ಮಗಾ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಮಾರ್ಟಿನ್ ಲೂಥರ್ ಮುನ್ನುಡಿಯಲ್ಲಿ ಯಾಕೋಬನದು ಹುಲ್ಲಿನಂಥ ಪತ್ರ ಅಂತ ಬರೆದದ್ದು ಹೌದು. ಆದರೆ ಅದನ್ನು ತೆಗೆದುಹಾಕಲಿಲ್ಲ, ಪುಸ್ತಕದ ಕೊನೆಯ ಕಡೆಗೆ ಸರಿಸಿದರು. ಅದೇ ವರ್ಷ ರೋಮಾಪುರದವರಿಗೆ ಬರೆದ ಪತ್ರಿಕೆಗೂ ಅವರು ಮುನ್ನುಡಿ ಬರೆದರು. ನಂಬಿಕೆ ಜೀವ ಇರುವ ವಸ್ತು, ಸುಮ್ಮನೆ ಕೂರಲಾರದು, ಒಳ್ಳೆಯದು ಮಾಡಬೇಕೇ ಅಂತ ಯಾರಾದರೂ ಕೇಳುವುದರೊಳಗೆ ಮಾಡಿ ಮುಗಿಸಿರುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಇದು ಯಾಕೋಬನ ಮಾತೇ ಅಲ್ವಾ? ನಿನ್ನ ಫ್ರೆಂಡ್‌ಗೆ ಈ ಇನ್ನೊಂದು ಅರ್ಧವನ್ನೂ ಹೇಳು.

ಪೌಲನೂ ಯಾಕೋಬನೂ ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಲೆಕ್ಕಕ್ಕೆ ನೀತಿ ಎಂದು ಸೇರಿತು ಅನ್ನುವುದು ಆದಿಕಾಂಡ 15. ಪೌಲ ಅಲ್ಲಿ ನಿಲ್ಲುತ್ತಾನೆ, ಯಾಕೆಂದರೆ ಅವನ ಮುಂದೆ ಇದ್ದವರು ತಮ್ಮ ಆಚಾರದಿಂದಲೇ ದೇವರ ಮುಂದೆ ಗೆಲ್ಲುತ್ತೇವೆ ಅಂದುಕೊಂಡವರು. ಅದೇ ಅಬ್ರಹಾಮ ಮಗ ಇಸಾಕನನ್ನು ಕರೆದುಕೊಂಡು ಬೆಟ್ಟ ಹತ್ತಿದ್ದು ಆದಿಕಾಂಡ 22. ಯಾಕೋಬ ಅಲ್ಲಿಯವರೆಗೂ ಹೋಗುತ್ತಾನೆ, ಯಾಕೆಂದರೆ ಅವನ ಮುಂದೆ ಇದ್ದವರು ಚಳಿಯಲ್ಲಿ ನಡುಗುವವನಿಗೆ "ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು" ಅಂತ ಬರೀ ಬಾಯಲ್ಲಿ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದವರು. ರೋಗ ಬೇರೆ, ಔಷಧಿ ಬೇರೆ. ಎಫೆಸದವರಿಗೆ ಬರೆದ ಪತ್ರಿಕೆ 2ನೇ ಅಧ್ಯಾಯದಲ್ಲಿ ಕೃಪೆಯಿಂದಲೇ ರಕ್ಷಣೆ ಅನ್ನುವ 8, 9ನೇ ವಚನ ಬಾಯಿಪಾಠ ಮಾಡಿರುತ್ತೀಯ. ಒಳ್ಳೆಯ ಕೆಲಸಕ್ಕೆಂದೇ ದೇವರು ನಮ್ಮನ್ನು ಉಂಟುಮಾಡಿದ ಅನ್ನುವ 10ನೇ ವಚನವನ್ನೂ ಸೇರಿಸಿ ಓದು, ಪೌಲನೇ ಎರಡನ್ನೂ ಗಂಟು ಹಾಕಿದ್ದಾನೆ.

ನಮ್ಮ ಕಡೆಯ ಮಾತಲ್ಲಿ ಹೇಳುತ್ತೇನೆ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ಬರುವ ನೀರನ್ನು ಮಂಡ್ಯದ ಯಾವ ರೈತನೂ ಸೃಷ್ಟಿ ಮಾಡಿಲ್ಲ. ಕೊಡಗಿನಲ್ಲಿ ಮಳೆ ಸುರಿಯಿತು, ಕಟ್ಟೆ ತುಂಬಿತು, ನೀರು ಬಂತು. ಅದು ಕೃಪೆ. ಆದರೆ ನಾಲೆಯಲ್ಲಿ ನೀರು ಹರಿಯುತ್ತಿದ್ದರೂ ಒಬ್ಬನ ಗದ್ದೆ ಬಿರುಕು ಬಿಟ್ಟಿದೆ ಅಂದರೆ, ನೀರು ಬಂದಿದೆ ಅಂತ ಅವನು ಎಷ್ಟು ಸಾರಿ ಹೇಳಿದರೂ ಊರವರು ನಂಬುತ್ತಾರಾ? ಮೊದಲು ಹೋಗಿ ತೂಬು ನೋಡು ಅನ್ನುತ್ತಾರೆ.

ಈ ಜಗಳ ಬರೀ ನಿಮ್ಮ ಹಾಸ್ಟೆಲಿನದಲ್ಲ, ನೂರಾರು ವರ್ಷ ಸಭೆಯನ್ನೇ ಒಡೆದಿತ್ತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಸಭೆಗಳ ಒಕ್ಕೂಟದವರೂ ಕಥೋಲಿಕರೂ ಒಂದು ಜಂಟಿ ಘೋಷಣೆಗೆ ಒಟ್ಟಿಗೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದ ಅಲ್ಲ, ಹಾಗೆ ಒಪ್ಪಿಕೊಂಡ ದೇವರೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತಾನೆ, ಬಲ ಕೊಡುತ್ತಾನೆ ಅಂತ ಅದರ ತಿರುಳು. 2006ರಲ್ಲಿ ಮೆಥಡಿಸ್ಟ್ ಸಭೆಗಳೂ ಅದಕ್ಕೆ ಸೇರಿದವು. ಮೈಸೂರಿಗೆ ವೆಸ್ಲಿಯನ್ ಮಿಷನ್‌ನವರು ತಂದ ಪರಂಪರೆ ಅದೇ. ಹಾಗಾಗಿ ಇದನ್ನು ನಮ್ಮ ಮನೆಯ ಸುದ್ದಿ ಅಂತಲೇ ನಾನು ಸಂತೋಷಪಟ್ಟೆ.

ಪ್ರಶ್ನೆ: ಅಕ್ಕಾ, ನಾವು ಕಥೋಲಿಕರು. ಒಂಬತ್ತು ಮಂಗಳವಾರ ಡೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೆ ಬರುತ್ತೇನೆ ಅಂತ ಹರಕೆ ಹೊತ್ತಿದ್ದೇನೆ. ನಾಲ್ಕು ಆಗಿದೆ. ಅಷ್ಟರಲ್ಲಿ ಅತ್ತೆಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದರು. ಮೈಸೂರಿನಿಂದ ಹೋಗಿ ಬರಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹರಕೆ ಮುರಿದರೆ ಪಾಪ ಅಂತ ಭಯ, ಅತ್ತೆಯನ್ನು ಬಿಟ್ಟು ಹೋದರೆ ಮನಸ್ಸಿಗೆ ಸಮಾಧಾನ ಇಲ್ಲ.

ಉತ್ತರ: ಭಯ ಬಿಡಿ. ನಿಮ್ಮ ಸಭೆಯ ಕಟ್ಟಳೆಯಲ್ಲೇ ಇದಕ್ಕೆ ದಾರಿ ಇದೆ. ಒಬ್ಬರು ಸ್ವಂತವಾಗಿ ಹೊತ್ತ ಹರಕೆಯನ್ನು ಅದಕ್ಕೆ ಸಮನಾದ, ಅಥವಾ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಬದಲಿಸಿಕೊಳ್ಳಬಹುದು. ಮನಸ್ಸು ಹಗುರ ಆಗಬೇಕಾದರೆ ನಿಮ್ಮ ಫಾದರ್ ಹತ್ತಿರ ಒಂದು ಮಾತು ಕೇಳಿ. ಮಾರ್ಕ 7ರಲ್ಲಿ ಯೇಸು ಸ್ವಾಮಿ ಕೋಪ ಮಾಡಿಕೊಂಡ ಒಂದು ಸಂದರ್ಭ ಇದೆ. ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು "ಇದು ಕೊರ್ಬಾನ್, ದೇವರಿಗೆ ಮೀಸಲು" ಅಂತ ಹೇಳಿ ಕೈ ತೊಳೆದುಕೊಳ್ಳುವವರ ಮೇಲೆ. ದೇವರ ಹೆಸರು ಹೇಳಿ ಮನೆಯ ಹಿರಿಯರನ್ನು ಬಿಡುವುದು ಆತನಿಗೆ ಬೇಕಿಲ್ಲ. ಸಂತ ಅಂತೋಣಿಯವರಿಗೂ ಬೇಕಿರಲಾರದು.

ಉಳಿದ ಐದು ಮಂಗಳವಾರ ಅತ್ತೆಯ ಹಾಸಿಗೆ ಪಕ್ಕದಲ್ಲೇ ನೊವೇನ ಪ್ರಾರ್ಥನೆ ಹೇಳಿ, ಅವರಿಗೂ ಕೇಳಲಿ. ಮತ್ತೆ, ಇದು ನರ್ಸ್ ಆಗಿ ಹೇಳುತ್ತಿರುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಳೆಯಬೇಡಿ, ಎತ್ತಿ ತಿರುಗಿಸಿ, ಎಳೆದರೆ ಚರ್ಮ ಸುಲಿಯುತ್ತದೆ. ಮಂಡಿಗಳ ನಡುವೆ ಒಂದು ದಿಂಬು ಇಡಿ. ಸೊಂಟದ ಹಿಂದಿನ ಮೂಳೆ, ಹಿಮ್ಮಡಿ ಇವನ್ನು ದಿನಾ ನೋಡಿ. ಕೆಂಪಾಗಿ ಹಾಗೇ ಉಳಿದಿದ್ದರೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ, ತಕ್ಷಣ ಡಾಕ್ಟರಿಗೆ ತೋರಿಸಿ. ಊಟ ಕೊಡುವಾಗ ಒರಗಿಸಿ ಕೂರಿಸಿ, ಊಟ ಆದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಲಿ. ಇಲ್ಲದಿದ್ದರೆ ಶ್ವಾಸಕ್ಕೆ ಹೋಗುತ್ತದೆ.

ಇಷ್ಟೆಲ್ಲ ನೀವೊಬ್ಬರೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ತಂದೆ ತಾಯಿಯನ್ನು ಸನ್ಮಾನಿಸು ಎಂಬ ಆಜ್ಞೆ ಮೊದಲು ಮಕ್ಕಳಿಗೆ ಕೊಟ್ಟದ್ದು, ಸೊಸೆಗೆ ಆಮೇಲೆ. ನಿಮ್ಮ ಯಜಮಾನರೂ ಮೈದುನಂದಿರೂ ರಾತ್ರಿ ಪಾಳಿ ಹಂಚಿಕೊಳ್ಳಲಿ. ಈ ಪುಟವನ್ನು ಅವರ ಕೈಗೆ ಕೊಡಿ. ಜೂನ್ 13ಕ್ಕೆ ಹಬ್ಬ ಬರುತ್ತದಲ್ಲ, ಅವತ್ತು ಅವರಲ್ಲಿ ಒಬ್ಬರು ಅಮ್ಮನನ್ನು ನೋಡಿಕೊಳ್ಳಲಿ, ನೀವು ಡೋರನಹಳ್ಳಿಗೆ ನೆಮ್ಮದಿಯಾಗಿ ಹೋಗಿ ಬನ್ನಿ.

ಪ್ರಶ್ನೆ: ಮೇಡಂ, ನಾನು ಹಿಂದೂ, ಶ್ರೀರಂಗಪಟ್ಟಣದವನು. ಪಕ್ಕದ ಮನೆಗೆ ಬರುವ ನಿಮ್ಮ ಪತ್ರಿಕೆ ಓದುತ್ತೇನೆ. ನೇರವಾಗಿ ಕೇಳುತ್ತೇನೆ. ಆಸ್ಪತ್ರೆ, ಶಾಲೆ, ಅಕ್ಕಿ ಹಂಚುವುದು ಇವೆಲ್ಲ ಜನರನ್ನು ನಿಮ್ಮ ಕಡೆ ಸೆಳೆಯುವುದಕ್ಕೆ ಅಲ್ಲವೇ? ಅದನ್ನು ಸೇವೆ ಅನ್ನಬಹುದೇ?

ಉತ್ತರ: ನೇರವಾಗಿ ಕೇಳಿದಿರಿ, ಸಂತೋಷ, ಸಾರ್. ಯಾರಾದರೂ ಒಂದು ಚೀಲ ಅಕ್ಕಿ ಮುಂದಿಟ್ಟು ಅದರ ಬೆಲೆಯಾಗಿ ಹಸಿದವನ ನಂಬಿಕೆಯನ್ನು ಕೇಳಿದರೆ ಅದು ಸೇವೆಯಲ್ಲ. ಹಾಗೆ ಮಾಡಿದವರು ಇಲ್ಲವೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಹಾಗೆ ಮಾಡುವವರು ತಮ್ಮ ಗುರುವಿನ ಮಾತನ್ನೇ ಮೀರುತ್ತಾರೆ. ಮತ್ತಾಯ 25ರಲ್ಲಿ ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು ಕೊಟ್ಟವರನ್ನು ಅರಸನು ಹೊಗಳುತ್ತಾನೆ. "ನಾವು ಯಾವಾಗ ನಿನಗೆ ಕೊಟ್ಟೆವು ಸ್ವಾಮಿ?" ಅಂತ ಅವರು ಆಶ್ಚರ್ಯಪಡುತ್ತಾರೆ. ಅವರು ಲೆಕ್ಕವನ್ನೇ ಇಟ್ಟಿರಲಿಲ್ಲ. ಸಮಾರ್ಯದವನ ಕಥೆಯಲ್ಲೂ ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿ, ತನ್ನ ಕತ್ತೆ ಮೇಲೆ ಕೂರಿಸಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಅವನು ತನ್ನ ದಾರಿ ಹಿಡಿದ. ನೀನು ಯಾವ ದೇವರವನು ಅಂತ ಕೇಳಲೇ ಇಲ್ಲ.

ನೀವು ಶ್ರೀರಂಗಪಟ್ಟಣದವರು ಅಂದಿರಿ. ನಿಮ್ಮೂರಿನದೇ ಒಂದು ವಿಷಯ. 1799ರಲ್ಲಿ ಟಿಪ್ಪು ಮಡಿದ ಮೇಲೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರು. ಸಿಡುಬು ಊರೂರನ್ನೇ ತಿನ್ನುತ್ತಿದ್ದ ಕಾಲ ಅದು. ಸಿಡುಬಿನ ಲಸಿಕೆ ಆಗ ತಾನೇ ಬಂದಿತ್ತು, ಜನಕ್ಕೆ ಅದರ ಮೇಲೆ ಭಯ. ಮೈಸೂರು ಸೀಮೆಯಲ್ಲಿ ಅದನ್ನು ಹರಡಲು ಅವರು ತುಂಬಾ ಓಡಾಡಿದರು. 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರು, ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಕೆಲಸ ಅಂತಲೇ ಬರೆದರು. ಹಿಂದೂಗಳ ಬಗ್ಗೆ ಅವರು ಬರೆದ ಎಷ್ಟೋ ಮಾತು ನನಗೆ ಒಪ್ಪಿಗೆ ಇಲ್ಲ, ನಿಮಗೂ ಇರಲಾರದು. ಆದರೆ ಲಸಿಕೆ ಹಾಕಿಸಿಕೊಂಡ ಮಗು ಉಳಿಯಿತು, ಅದು ಯಾರ ಮನೆಯ ಮಗುವಾದರೂ.

ಹೀಗೆಯೇ ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ. 1906ರಲ್ಲಿ ಶುರುವಾದದ್ದು. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ, ನಿಮ್ಮ ನೆಂಟರಲ್ಲೇ ಯಾರಾದರೂ ಇರಬಹುದು, ಕೇಳಿ ನೋಡಿ. ಇನ್ನೊಂದು ಕಡೆಯಿಂದಲೂ ನೋಡಬೇಕು. 1843ರಲ್ಲಿ ಮೈಸೂರಿನ ಕ್ರೈಸ್ತರಿಗೆ ಚರ್ಚ್ ಕಟ್ಟಿಸಿಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಈಗಿನ ಸಂತ ಫಿಲೋಮಿನಾ ಚರ್ಚಿಗೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿಯವರು. ಅವರು ನಮ್ಮಿಂದ ಏನನ್ನೂ ವಾಪಸ್ ಕೇಳಲಿಲ್ಲ. ಕೊಡುವುದು ಹೇಗೆ ಅಂತ ನಾವು ನಿಮ್ಮವರಿಂದಲೂ ಕಲಿತಿದ್ದೇವೆ, ಸಾರ್.

ಪ್ರಶ್ನೆ: ನನ್ನ ಗಂಡ ಕುಡಿದು ಬಂದು ಹೊಡೆಯುತ್ತಾರೆ. ಸಭೆಯಲ್ಲಿ ಹೇಳಿಕೊಂಡೆ. "ಹೆಂಡತಿ ವಿಧೇಯಳಾಗಿರಬೇಕು, ಪ್ರಾರ್ಥನೆ ಮಾಡು, ತಾಳಿಕೋ" ಅಂದರು. ನೀವೂ ವಿಧೇಯತೆ ಬಗ್ಗೆಯೇ ಬರೆಯುತ್ತೀರಿ. ನಾನು ಇನ್ನೂ ಎಷ್ಟು ವಿಧೇಯಳಾಗಬೇಕು?

ಉತ್ತರ: ತಂಗೀ, ಇನ್ನು ಒಂದು ದಿನವೂ ಬೇಡ. ನಾನು ಬರೆಯುವ ವಿಧೇಯತೆ ದೇವರ ಮಾತಿಗೆ, ಹೊಡೆಯುವ ಕೈಗಲ್ಲ. ನಿಮಗೆ ತೋರಿಸಿದ ಎಫೆಸ 5ರ ಆ ವಚನಕ್ಕೆ ಮೊದಲು "ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ" ಅಂತ ಇದೆ. ಅದರ ನಂತರ, ಗಂಡಂದಿರು ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕು ಅಂತ ಇದೆ. ಆ ಎರಡನ್ನೂ ಬಿಟ್ಟು ನಡುವಿನ ಒಂದು ಸಾಲನ್ನು ಮಾತ್ರ ನಿಮಗೆ ಓದಿ ಹೇಳಿದ್ದಾರೆ. ಅದು ತಪ್ಪು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರ ಅಧಿಕಾರಿಗಳ ಮುಖದ ಮೇಲೇ ಹೇಳಿದವನು, ಅಪೊಸ್ತಲರ ಕೃತ್ಯಗಳು 5ರಲ್ಲಿ.

ಹೊಡೆತ ಬೀಳುವ ಹೊತ್ತಿನಲ್ಲಿ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯದ ವಿರುದ್ಧ 2005ರ ಕಾನೂನು ಇದೆ. ಅದರ ಪ್ರಕಾರ ನೀವಿರುವ ಮನೆಯಲ್ಲೇ ಇರುವ ಹಕ್ಕು ನಿಮಗಿದೆ, ರಕ್ಷಣೆಯ ಆದೇಶವನ್ನೂ ಕೋರ್ಟಿನಿಂದ ಪಡೆಯಬಹುದು. ಗಾಯ ಆದರೆ ಆಸ್ಪತ್ರೆಗೆ ಹೋಗಿ, ಬಿದ್ದೆ ಅಂತ ಹೇಳಬೇಡಿ. ಎಷ್ಟು ಜನ ಬಿದ್ದೆ ಅಂತ ಹೇಳುವುದನ್ನು ಕೇಳಿದ್ದೇನೆ. ನಮಗೆ ಗಾಯ ನೋಡಿದರೆ ಗೊತ್ತಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆಸಿ. ನಿಮಗೆ ಪ್ರತ್ಯೇಕವಾಗಿಯೂ ಪತ್ರ ಬರೆದಿದ್ದೇನೆ. ಇದನ್ನು ಓದುವ ಸಭೆಯ ಹಿರಿಯರೇ, ಇಂಥ ಒಬ್ಬ ಹೆಣ್ಣುಮಗಳು ಬಂದು ಬಾಗಿಲು ತಟ್ಟಿದರೆ ಅವಳಿಗೆ ಮೊದಲು ಮಲಗಲು ಜಾಗ ಕೊಡಿ. ಪ್ರಾರ್ಥನೆ ಆಮೇಲೆ ಮಾಡೋಣ.

ಪ್ರಶ್ನೆ: ನನಗೆ 27 ವರ್ಷ, ಮೈಸೂರಿನಲ್ಲಿ ಐಟಿ ಕೆಲಸ. ನನ್ನ ಜೀವನದಲ್ಲಿ ದೇವರ ಚಿತ್ತ ಏನು ಅಂತ ಎರಡು ವರ್ಷದಿಂದ ಉಪವಾಸ ಮಾಡಿ ಕೇಳುತ್ತಿದ್ದೇನೆ. ಉತ್ತರವೇ ಬರುತ್ತಿಲ್ಲ. ವಿಧೇಯನಾಗಲು ಸಿದ್ಧ ಇದ್ದೇನೆ, ಏನು ಮಾಡಬೇಕು ಅಂತ ಗೊತ್ತಾಗಬೇಕಲ್ಲ?

ಉತ್ತರ: ನಿಮ್ಮ ವಯಸ್ಸಿನಲ್ಲಿ ನಾನೂ ಹೀಗೇ ಕೇಳುತ್ತಿದ್ದೆ. ನನಗೆ ಆದದ್ದನ್ನೇ ಹೇಳುತ್ತೇನೆ.

1986ರಲ್ಲಿ ನಾನು ಕೆಲಸ ಮಾಡುತ್ತಿದ್ದ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿ ಒಂದು ಔಷಧಿ ಬಾಟಲಿ ಒಡೆಯಿತು. ಒಡೆದದ್ದು ನನ್ನ ಕೈಯಿಂದ. ಬೆಳಿಗ್ಗೆ ಮೇಲಿನವರು ಬಂದು ಕೇಳಿದಾಗ, ಗುಡಿಸುತ್ತಿದ್ದ ಆಯಾ ಕಡೆ ನೋಡಿದರು. ನಾನು ಸುಮ್ಮನಿದ್ದೆ. ಅವಳದು ಅಲ್ಲ ಅಂತ ಹೇಳಲಿಲ್ಲ, ಅಷ್ಟೇ. ಅವಳ ಸಂಬಳದಲ್ಲಿ ನಲವತ್ತು ರೂಪಾಯಿ ಹಿಡಿದರು. ಆಗಿನ ಕಾಲಕ್ಕೆ ಅವಳ ಮನೆಗೆ ಅದು ಎಷ್ಟು ದಿನದ ರಾಗಿ ಅಂತ ನನಗೆ ಗೊತ್ತಿತ್ತು. ಆಮೇಲೆ ಅವಳು ಕೆಲಸ ಬಿಟ್ಟು ನಂಜನಗೂಡು ಕಡೆಯ ತನ್ನ ಊರಿಗೆ ಹೋದಳು.

ಮೂರು ವರ್ಷ ನಾನು ದೇವರ ಚಿತ್ತ ಕೇಳಿದೆ. ಯಾವ ಊರಿಗೆ ಹೋಗಲಿ, ಮದುವೆಯಾಗಲೇ ಬೇಡವೇ, ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಲೇ, ಎಲ್ಲ ಕೇಳಿದೆ. ಆಕಾಶ ಮುಚ್ಚಿದ ಹಾಗಿತ್ತು. ಒಂದು ಭಾನುವಾರ ಕರ್ತನ ಭೋಜನಕ್ಕೆ ಮುಂಚೆ ನಮ್ಮ ಅಯ್ಯನವರು ಮತ್ತಾಯ 5 ಓದಿದರು. ನೀನು ಯಜ್ಞವೇದಿಗೆ ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರು ಇದೆ ಅಂತ ನೆನಪಿಗೆ ಬಂದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಒಂದಾಗು. ಎಷ್ಟು ಸಲ ಕೇಳಿದ್ದೆನೋ ಆ ಮಾತನ್ನು. ಅವತ್ತು "ಬಿಟ್ಟು ಹೋಗು" ಅನ್ನುವುದು ಬಿಟ್ಟು ಹೋಗು ಅಂತಲೇ ಕೇಳಿಸಿತು. ಎದ್ದು ಹೊರಗೆ ಬಂದೆ. ನನಗೆ ಹೊಸದಾಗಿ ಏನನ್ನೂ ಹೇಳುವ ಅಗತ್ಯ ದೇವರಿಗೆ ಇರಲಿಲ್ಲ, ಹಳೆಯದೇ ಬಾಕಿ ಇತ್ತಲ್ಲ. ನಿಮ್ಮಲ್ಲೂ ಹಾಗೆ ಏನಾದರೂ ಬಾಕಿ ಇದೆಯಾ ನೋಡಿಕೊಳ್ಳಿ. ಇಲ್ಲ ಅಂದರೆ ನನ್ನ ಮಾತು ನಿಮಗೆ ಹೊಂದುವುದಿಲ್ಲ, ಬಿಟ್ಟುಬಿಡಿ.

ಬಸ್ ಹಿಡಿದು ನಂಜನಗೂಡಿಗೆ ಹೋಗಿ, ಅಲ್ಲಿಂದ ಅವಳ ಊರಿಗೆ ನಡೆದೆ. ಜಕ್ಕಾಯನ ಲೆಕ್ಕ ತಲೆಯಲ್ಲಿತ್ತು, ನಾಲ್ಕರಷ್ಟು. ನೂರ ಅರವತ್ತು ರೂಪಾಯಿ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡಿದ್ದೆ. ಅವಳು ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ನನ್ನ ದನಿ ನಡುಗುತ್ತಿತ್ತು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು ಸಿಸ್ಟರ್," ಅಂದಳು.

ಆಮೇಲೆ ಕೈ ಒರೆಸಿಕೊಂಡು ಗಂಟು ಬಿಚ್ಚಿದಳು. ಹತ್ತರ ನೋಟು ನಾಲ್ಕು ಎಣಿಸಿ ತೆಗೆದುಕೊಂಡಳು. ಉಳಿದದ್ದನ್ನು ಮತ್ತೆ ಕಟ್ಟಿ ನನ್ನ ಕೈಗಿಟ್ಟಳು. "ನಂದು ಇಷ್ಟೇ. ಕೂತ್ಕೊಳ್ಳಿ, ಸಾರು ಕುದಿತಾ ಐತೆ, ಮುದ್ದೆ ಉಂಡ್ಕೊಂಡು ಹೋಗೋರಂತೆ."